ರೆಸಿಡೆನ್ಸಿ ಅಪ್ಲಿಕೇಶನ್‌ನಲ್ಲಿ ಹವ್ಯಾಸ: ‘ಓದು, ಸಂಗೀತ, ಪ್ರವಾಸ’ ಅಂತ ಬರೆದು ನಾನು ಸಿಕ್ಕಿಹಾಕಿಕೊಂಡ ಕಥೆ

[ಪರದೆ ಮೇಲೆ: ಖಾಲಿ ಕಾಲಂ, ಮಿನುಗುತ್ತಿರುವ ಕರ್ಸರ್]

ಎಲ್ಲರಿಗೂ ನಮಸ್ಕಾರ. ಮೊದಲ ಸಲ ಅಮೆರಿಕದ ರೆಸಿಡೆನ್ಸಿಗೆ, ಅಂದರೆ ಡಾಕ್ಟರ್ ಓದು ಮುಗಿದ ಮೇಲೆ ಆಸ್ಪತ್ರೆಯಲ್ಲಿ ಕೆಲಸ ಮಾಡುತ್ತಾ ಪಡೆಯುವ ತಜ್ಞ ತರಬೇತಿಗೆ, ಅಪ್ಲೈ ಮಾಡಿದಾಗ ಹವ್ಯಾಸದ ಜಾಗದಲ್ಲಿ ನಾನು ಬರೆದದ್ದು ಮೂರೇ ಪದ. ಓದು, ಸಂಗೀತ, ಪ್ರವಾಸ. ಎರಡು ನಿಮಿಷದ ಕೆಲಸ.

ಇಂಟರ್ವ್ಯೂನಲ್ಲಿ ಡಾಕ್ಟರೊಬ್ಬರು ನಗುತ್ತಾ ಕೇಳಿದರು: “ಈಚೆಗೆ ಏನು ಓದಿದಿರಿ?” ತಲೆಗೆ ಬಂದದ್ದು ಸ್ಟೆಪ್ ಟು, ಅಂದರೆ ಅಮೆರಿಕದ ಡಾಕ್ಟರ್ ಲೈಸೆನ್ಸ್ ಪರೀಕ್ಷೆಯ ಎರಡನೇ ಹಂತದ ಪ್ರಶ್ನೆಗಳು ಮಾತ್ರ. ಕಾದಂಬರಿ ಮುಟ್ಟಿ ನಾಲ್ಕು ವರ್ಷ ಆಗಿತ್ತು. ಏನೋ ತಡವರಿಸಿದೆ. ಅವರು “ಸರಿ ಸರಿ” ಅಂದು ಮುಂದಿನ ಪ್ರಶ್ನೆಗೆ ಹೋದರು. ಆ ವರ್ಷ ನನಗೆ ಮ್ಯಾಚ್ ಆಗಲಿಲ್ಲ, ಅಂದರೆ ಸೀಟು ಸಿಗಲಿಲ್ಲ. ಕಾರಣ ಅದೊಂದೇ ಅಲ್ಲ ಬಿಡಿ. ಆದರೂ ಆ “ಸರಿ ಸರಿ” ನನಗೆ ಇನ್ನೂ ಮರೆತಿಲ್ಲ.

ತಪ್ಪು ಪೂರ್ತಿ ನಮ್ಮದೂ ಅಲ್ಲ. ನಮ್ಮ ಊರಲ್ಲಿ ಇದನ್ನು ಯಾರು ಕೇಳುತ್ತಾರೆ ಹೇಳಿ? ಎಂಬಿಬಿಎಸ್ ಮುಗಿಸಿ ಬರೆಯುವ ನೀಟ್ ಪಿಜಿ ಅಂದರೆ 200 ಪ್ರಶ್ನೆ, 800 ಅಂಕ. ರ‍್ಯಾಂಕ್ ಬಂತು, ಕೌನ್ಸೆಲಿಂಗ್‌ಗೆ ಹೋದಿರಿ, ಸೀಟು ಸಿಕ್ಕಿತು ಅಥವಾ ಇಲ್ಲ. ನೀವು ಚೆಂಡೆ ಬಾರಿಸುತ್ತೀರೋ ಕೇರಂ ಆಡುತ್ತೀರೋ ಯಾರಿಗೂ ಬೇಕಿಲ್ಲ. ಮನೆಯಲ್ಲೂ ಅಷ್ಟೇ. ಪಿಯುಸಿಗೆ ಕಾಲಿಟ್ಟ ಕೂಡಲೇ “ಮೊದಲು ಸೀಟು, ಆಮೇಲೆ ಸಂಗೀತ” ಅಂತ ವೀಣೆ ಅಟ್ಟ ಸೇರುತ್ತದೆ.

[ಪರದೆ ಮೇಲೆ: 10 ಅನುಭವ, ಅದರಲ್ಲಿ 3 ಮುಖ್ಯವಾದವು]

ಅಮೆರಿಕದಲ್ಲಿ ಹೆಚ್ಚಿನ ಪ್ರೋಗ್ರಾಂಗಳಿಗೆ ಅರ್ಜಿ ಹೋಗುವುದು ಇರಾಸ್ ಅನ್ನುವ ವ್ಯವಸ್ಥೆಯ ಮೂಲಕ. ಅದನ್ನು ನಡೆಸುವುದು ಎಎಎಂಸಿ, ಅಂದರೆ ಅಲ್ಲಿನ ಮೆಡಿಕಲ್ ಕಾಲೇಜುಗಳ ಸಂಘ. 2023ರಲ್ಲಿ ಫಾರ್ಮ್ ಬದಲಾಯಿತು. ಈಗ ಕೆಲಸ, ಸಂಶೋಧನೆ, ಸ್ವಯಂಸೇವೆ ಇಂಥ 10 ಅನುಭವಗಳನ್ನು ಮಾತ್ರ ಹಾಕಬಹುದು. ಅವುಗಳಲ್ಲಿ 3ನ್ನು ‘ನನಗೆ ಬಹಳ ಮುಖ್ಯ’ ಅಂತ ಗುರುತಿಸಬಹುದು. ಹವ್ಯಾಸಕ್ಕೂ ಅಲ್ಲಿ ಜಾಗ ಇದೆ.

ಯಾಕೆ ಕೇಳುತ್ತಾರೆ? ಒಂದು, ಲೈಸೆನ್ಸ್ ಪರೀಕ್ಷೆಯ ಮೊದಲ ಹಂತವಾದ ಸ್ಟೆಪ್ ಒನ್ 2022ರ ಜನವರಿಯಿಂದ ಬರೀ ಪಾಸ್ ಅಥವಾ ಫೇಲ್. ಜರಡಿ ಹಿಡಿಯಲು ಇದ್ದ ಒಂದು ದೊಡ್ಡ ನಂಬರ್ ಹೋಯಿತು. ಇನ್ನೊಂದು ಕಾರಣ ನನ್ನ ಪ್ರಕಾರ ಹೆಚ್ಚು ಮುಖ್ಯ. ಅಲ್ಲಿ ರೆಸಿಡೆಂಟ್ ವಾರಕ್ಕೆ ಸರಾಸರಿ 80 ಗಂಟೆಯವರೆಗೆ ಕೆಲಸ ಮಾಡಬಹುದು. ಅಷ್ಟು ಹೊತ್ತು ಪಕ್ಕದಲ್ಲಿ ಇರುವ ಮನುಷ್ಯ ಎಂಥವನು ಅಂತ ಅವರಿಗೆ ನೋಡಬೇಕು. ರಾತ್ರಿ ಮೂರು ಗಂಟೆಗೆ ಇವನ ಜೊತೆ ಕಾಫಿ ಕುಡಿಯಬಹುದಾ? ಇಷ್ಟೇ ಪ್ರಶ್ನೆ.

ಹಾಗಂತ ಹವ್ಯಾಸ ನಿಮಗೆ ಇಂಟರ್ವ್ಯೂ ಕೊಡಿಸುವುದಿಲ್ಲ. ಅದಕ್ಕೆ ಸ್ಟೆಪ್ ಟು ಸ್ಕೋರ್ ಬೇಕು, ಒಳ್ಳೆಯ ಶಿಫಾರಸು ಪತ್ರ ಬೇಕು, ಅಲ್ಲಿನ ಆಸ್ಪತ್ರೆಯ ಅನುಭವ ಬೇಕು. ನಮ್ಮಂಥವರಿಗೆ ವೀಸಾ ತಲೆನೋವು ಬೇರೆ. ಹವ್ಯಾಸ ಉಪಯೋಗಕ್ಕೆ ಬರುವುದು ಇಂಟರ್ವ್ಯೂ ಶುರುವಾದ ಮೇಲೆ. ಎದುರಿನವರು ನಿಮ್ಮ ಫಾರ್ಮ್ ಮೇಲೆ ಕಣ್ಣಾಡಿಸಿ ಮಾತಿಗೆ ಒಂದು ಎಳೆ ಹುಡುಕುತ್ತಾರೆ. ಆ ಎಳೆ ಕೊಡುವುದು ನಿಮ್ಮ ಕೆಲಸ.

ನನ್ನ ಪರಿಚಯದ ಹುಡುಗನೊಬ್ಬನಿದ್ದ, ಉಡುಪಿ ಕಡೆಯವನು. “ಯಕ್ಷಗಾನದಲ್ಲಿ ಆಸಕ್ತಿ” ಅಂತ ಬರೆದಿದ್ದ. ಓದಿದವರಿಗೆ ಯಕ್ಷಗಾನ ಅಂದರೇನೇ ಗೊತ್ತಿಲ್ಲ, ಇನ್ನು ಏನು ಕೇಳುತ್ತಾರೆ? ಕೂತು ಬದಲಾಯಿಸಿದೆವು.

[ಪರದೆ ಮೇಲೆ ಬರಹ ಮೂಡುತ್ತದೆ]

“ಎಂಟು ವರ್ಷದಿಂದ ಕರಾವಳಿ ಕರ್ನಾಟಕದ ತಾಳಮದ್ದಳೆಯಲ್ಲಿ ಅರ್ಥ ಹೇಳುತ್ತೇನೆ. ವೇಷ ಇಲ್ಲ, ಕುಣಿತ ಇಲ್ಲ. ಪುರಾಣದ ಪಾತ್ರಗಳಾಗಿ ಎದುರುಬದುರು ಕೂತು, ಬರೆದಿಟ್ಟ ಮಾತಿಲ್ಲದೆ ವಾದ ಮಾಡುವ ಕಲೆ.”

ಇಂಟರ್ವ್ಯೂನಲ್ಲಿ ಒಬ್ಬರು ಕೇಳಿದರಂತೆ: “ಎದುರಿನವರ ಮಾತಿಗೆ ಉತ್ತರ ಹೊಳೆಯದಿದ್ದರೆ?” ಇವನು ನಡೆದದ್ದನ್ನೇ ಹೇಳಿದ. ಒಮ್ಮೆ ಇವನು ಕೌರವ, ಎದುರಿಗೆ ಕೃಷ್ಣನಾಗಿ ಹಿರಿಯ ಅರ್ಥಧಾರಿ. ಅವರ ಒಂದು ಪ್ರಶ್ನೆಗೆ ಇವನ ಬಾಯಿ ಕಟ್ಟಿತು. ಹಾಡುವ ಭಾಗವತರು ಪರಿಸ್ಥಿತಿ ನೋಡಿ ಮುಂದಿನ ಹಾಡು ಎತ್ತಿದರು, ಇವನು ಬಚಾವ್. ಕೇಳಿದವರು ಬಿದ್ದು ಬಿದ್ದು ನಕ್ಕರಂತೆ. ಗಮನಿಸಿ, “ಇದರಿಂದ ನಾನು ಒಳ್ಳೆಯ ಡಾಕ್ಟರ್ ಆದೆ” ಅಂತ ಇವನು ಎಲ್ಲೂ ಹೇಳಲಿಲ್ಲ.

ಹವ್ಯಾಸವನ್ನು ಹಾಗೆ ಡಾಕ್ಟರ್ ಕೆಲಸಕ್ಕೆ ಗಂಟು ಹಾಕುವ ಚಾಳಿ ಬಹಳ ಜನರಿಗೆ ಇದೆ. ಕ್ರಿಕೆಟ್ ಅಂದರೆ ಟೀಂ ವರ್ಕ್, ಭರತನಾಟ್ಯ ಅಂದರೆ ಶಿಸ್ತು, ರಂಗೋಲಿ ಅಂದರೆ ತಾಳ್ಮೆ. ಸರ್ಜರಿಗೆ ಹೋಗುವವರು ವಿಡಿಯೋ ಗೇಮ್ ಅಧ್ಯಯನ ಹಿಡಿದುಕೊಂಡು ಬರುತ್ತಾರೆ. ಅದು 2007ರಲ್ಲಿ ಪ್ರಕಟವಾದದ್ದು. 33 ಜನರ ಮೇಲೆ ಮಾಡಿದ್ದರು. ಹಿಂದೆ ವಾರಕ್ಕೆ ಮೂರು ಗಂಟೆಗಿಂತ ಜಾಸ್ತಿ ಗೇಮ್ ಆಡುತ್ತಿದ್ದವರು ಲ್ಯಾಪರೋಸ್ಕೋಪಿ (ಸಣ್ಣ ತೂತಿನಿಂದ ಕ್ಯಾಮೆರಾ ಹಾಕಿ ಮಾಡುವ ಆಪರೇಷನ್) ಅಭ್ಯಾಸದಲ್ಲಿ 37 ಶೇಕಡಾ ಕಡಿಮೆ ತಪ್ಪು ಮಾಡಿದ್ದರು. ಚೆನ್ನಾಗಿದೆ. ಆದರೆ ಸರ್ಜನ್‌ಗಳಿಗೆ ಅದನ್ನು ನೀವು ಹೇಳಿಕೊಡಬೇಕಾ? ಯಾವ ಗೇಮ್, ಯಾರ ಜೊತೆ, ಎಲ್ಲಿ ಸೋಲುತ್ತೀರಿ, ಅದನ್ನು ಬರೆಯಿರಿ.

ಬಹುಮಾನ ಬಂದಿದ್ದರೆ ಯಾವ ಮಟ್ಟದ್ದು, ಯಾವ ವರ್ಷ ಅಂತ ಹಾಕಿ, ಸಂಕೋಚ ಬೇಡ. ಸುಳ್ಳು ಮಾತ್ರ ಬೇಡವೇ ಬೇಡ. ಚೆಸ್ ಅಂತ ಸುಮ್ನೆ ಬರೆದಿರಿ, ಎದುರಿಗೆ ಕೂತವರು ಚೆಸ್ ಆಟಗಾರರು. ಮುಗೀತು ಕಥೆ.

“ನನಗೆ ಹವ್ಯಾಸವೇ ಇಲ್ಲ” ಅನ್ನುವವರು ಹೋದ ಭಾನುವಾರ ಏನು ಮಾಡಿದಿರಿ ಅಂತ ನೆನಪು ಮಾಡಿಕೊಳ್ಳಿ. ಬೀದಿನಾಯಿಗೆ ಅನ್ನ ಹಾಕಿದಿರಾ? ಹಳೇ ಸ್ಕೂಟರ್ ಬಿಚ್ಚಿದಿರಾ? ಅದೇ ಸಾಕು.

ಎರಡನೇ ಸಲ ನಾನು ಬರೆದದ್ದು ಇದು: “ಎರಡು ತಿಂಗಳಿಗೊಮ್ಮೆ ಅಜ್ಜಿಯ ಲೆಕ್ಕದಲ್ಲಿ ಸಾರಿನ ಪುಡಿ ಮಾಡುತ್ತೇನೆ. ಮೆಂತ್ಯ ಸೀದರೆ ಇಡೀ ಪುಡಿ ಕಹಿ. ಇಲ್ಲಿಯವರೆಗೆ ಎರಡು ಸಲ ಸೀಯಿಸಿದ್ದೇನೆ.”

“ಹುರಿದದ್ದು ಸಾಕು ಅಂತ ಹೇಗೆ ಗೊತ್ತಾಗುತ್ತದೆ?” ಅಂತ ಕೇಳಿದರು. ಕಣ್ಣಿಗಿಂತ ಮೂಗು ನಂಬು ಅನ್ನುತ್ತಿದ್ದರು ಅಜ್ಜಿ, ಅದನ್ನೇ ಹೇಳಿದೆ. ಇಂಟರ್ವ್ಯೂ ಮುಗಿಯುವ ಹೊತ್ತಿಗೆ ಅವರು ಕೊತ್ತಂಬರಿ ಬೀಜ ಎಷ್ಟು, ಜೀರಿಗೆ ಎಷ್ಟು ಅಂತ ಬರೆದುಕೊಳ್ಳುತ್ತಿದ್ದರು. ಅವರ ಊರಲ್ಲಿ ಬ್ಯಾಡಗಿ ಮೆಣಸಿನಕಾಯಿ ಎಲ್ಲಿ ಸಿಗುತ್ತದೆ ಅನ್ನುವ ಪ್ರಶ್ನೆಗೆ ಮಾತ್ರ ನನ್ನ ಹತ್ತಿರ ಉತ್ತರ ಇರಲಿಲ್ಲ.