ಕೊರಿಯಾದ ಪ್ರೇಕ್ಷಕರು ಬಲು ಜೋರು

ಎಲ್ಲರಿಗೂ ನಮಸ್ಕಾರ.

ಮೊದಲೇ ಹೇಳಿಬಿಡುತ್ತೇನೆ, ನನಗೆ ಕೊರಿಯನ್ ಬರುವುದಿಲ್ಲ. ಸಬ್‌ಟೈಟಲ್ ಓದಿಕೊಂಡು ಕೊರಿಯಾದ ಧಾರಾವಾಹಿ ನೋಡುವವಳು ನಾನು. ಇಲ್ಲಿ ಕೂತಿರುವವರಲ್ಲಿ ಕೆಲವರು ನನಗಿಂತ ಜಾಸ್ತಿ ನೋಡಿರುತ್ತೀರಿ. ಇನ್ನು ಕೆಲವರು, ಮಗಳು ರಾತ್ರಿ ಎರಡು ಗಂಟೆವರೆಗೆ ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಅದೇನು ನೋಡಿ ಅಳುತ್ತಾಳೆ ಅಂತ ತಿಳಿದುಕೊಳ್ಳೋಣ ಎಂದು ಬಂದಿರುತ್ತೀರಿ. ಇಬ್ಬರೂ ಬೇಕು.

ನಾಯಕನ ಕೂದಲು, ನಾಯಕಿಯ ಕೋಟು, ಅವರ ಮುಖದ ಹೊಳಪು ಇವನ್ನೆಲ್ಲ ಬೇರೆ ಯಾರಾದರೂ ಮಾತಾಡಲಿ. ನನಗೆ ಹೇಳಬೇಕು ಅನ್ನಿಸಿರುವುದು ಕೊರಿಯಾದ ಪ್ರೇಕ್ಷಕರ ಬಗ್ಗೆ. ಮದುವೆಗೆ ಬಂದ ಗಂಡಿನ ಕಡೆ ಬೀಗರನ್ನು ನೋಡಿದ್ದೀರಲ್ಲ? ಎಲೆ ತುದಿಗೆ ಉಪ್ಪು ಬಡಿಸಿಲ್ಲ ಅನ್ನುವುದು ಕೂತ ತಕ್ಷಣ ಕಣ್ಣಿಗೆ ಬೀಳುತ್ತದೆ. ಇವರೂ ಹಾಗೇ. ಅಲ್ಲಿಯ ಧಾರಾವಾಹಿಗಳು ಅಷ್ಟು ಬಿಗಿಯಾಗಿ ಬರುವುದು ಇವರ ಭಯಕ್ಕೆ. ಅಲ್ಲಿಯ ನಟನಟಿಯರಿಗೆ ಮನೆಯಿಂದ ಆಚೆ ಕಾಲಿಡಲು ಹೆದರಿಕೆ ಆಗುವುದೂ ಇವರಿಂದಲೇ. ಮೊದಲನೆಯದು ನನಗೆ ಬಹಳ ಇಷ್ಟ. ಎರಡನೆಯದನ್ನು ನೋಡಿ ನೋಡಿ ಸಾಕಾಗಿದೆ.

ಗೊತ್ತಿಲ್ಲದವರಿಗೆ ಸ್ವಲ್ಪ ಹಿನ್ನೆಲೆ. ನಾವು ಕೆ-ಡ್ರಾಮಾ ಅನ್ನುವುದು ಸಾಮಾನ್ಯವಾಗಿ 16 ಎಪಿಸೋಡ್. ಒಂದೊಂದೂ ಒಂದು ಗಂಟೆಗೆ ಮೇಲೆ. ವಾರಕ್ಕೆ ಎರಡು, ಸೋಮವಾರ-ಮಂಗಳವಾರವೋ, ಶನಿವಾರ-ಭಾನುವಾರವೋ. ಎರಡು ತಿಂಗಳಿಗೆ ಕಥೆ ಮುಗಿಯಿತು. ರಾತ್ರಿ ಎಪಿಸೋಡ್ ಬಂದರೆ ಮರುದಿನ ಬೆಳಿಗ್ಗೆ, ಎಷ್ಟು ಮನೆಗಳಲ್ಲಿ ಅದನ್ನು ನೋಡಿದರು ಅಂತ ಅಳೆಯುವ ನೀಲ್ಸನ್ ಕೊರಿಯಾದ ಅಂಕಿ, ಅಂದರೆ ರೇಟಿಂಗ್, ಹೊರಗೆ ಬೀಳುತ್ತದೆ. 2003-04ರ 'ದೇ ಜಾಂಗ್ ಗಮ್' 57.8 ಶೇಕಡಾ ಮುಟ್ಟಿತ್ತು. ಅಂದರೆ ಟಿವಿ ಇರುವ ಅರ್ಧಕ್ಕಿಂತ ಹೆಚ್ಚು ಮನೆಗಳಲ್ಲಿ ಅದೇ ಓಡುತ್ತಿತ್ತು. ಈಗ ಚಾನೆಲ್ ಜಾಸ್ತಿ, ಮೊಬೈಲ್ ಬೇರೆ, ಹತ್ತು ದಾಟಿದರೆ ಸಿಹಿ ಹಂಚುತ್ತಾರೆ. 'ಕ್ರ್ಯಾಶ್ ಲ್ಯಾಂಡಿಂಗ್ ಆನ್ ಯೂ' 2020ರ ಫೆಬ್ರವರಿಯಲ್ಲಿ ಮುಗಿದಾಗ 21.7 ಬಂದಿತ್ತು, ಟಿವಿಎನ್ ಚಾನೆಲ್‌ಗೆ ಆಗ ಅದು ದಾಖಲೆ.

ಇಲ್ಲಿ ಒಂದು ಮಾತು. ನಮ್ಮ ಕನ್ನಡ ಧಾರಾವಾಹಿಗಳನ್ನು ಬಯ್ಯುವುದಕ್ಕೆ ಕೊರಿಯಾವನ್ನು ಎಳೆದು ತರುವುದು ಈಗ ಒಂದು ಫ್ಯಾಷನ್ ಆಗಿದೆ. 'ನೋಡಿ, ಅವರು ಹದಿನಾರಕ್ಕೆ ಮುಗಿಸುತ್ತಾರೆ, ನಮ್ಮಲ್ಲಿ ಸಾವಿರವಾದರೂ ಸೊಸೆಯ ಕಣ್ಣೀರು ನಿಲ್ಲಲ್ಲ' ಅಂತ. ಸ್ವಾಮಿ, ಅಲ್ಲೂ ಸೊಸೆ ಅಳುತ್ತಾಳೆ. ಕೆಬಿಎಸ್ ಚಾನೆಲ್‌ನಲ್ಲಿ ಸಂಜೆ ದಿನವೂ ಬರುವ ಧಾರಾವಾಹಿಗಳಿವೆ, ನೂರು ಎಪಿಸೋಡ್ ದಾಟುತ್ತವೆ. ವಾರಾಂತ್ಯದ ಕುಟುಂಬ ಧಾರಾವಾಹಿಗಳು ಐವತ್ತರ ಆಸುಪಾಸು ಓಡುತ್ತವೆ. ಆಸ್ಪತ್ರೆಯಲ್ಲಿ ಅದಲುಬದಲಾದ ಮಗು, ನೆನಪು ಹೋದ ಗಂಡ, ಬೀಗಿತ್ತಿಯ ಮುಖಕ್ಕೆ ಲೋಟದ ನೀರು, ಯಾವುದಕ್ಕೂ ಕೊರತೆ ಇಲ್ಲ. ಆ ಬಗೆಗೆ ಅವರೇ 'ಮಕ್ಜಾಂಗ್' ಅಂತ ಹೆಸರಿಟ್ಟಿದ್ದಾರೆ. ಬಯ್ಯುತ್ತಲೇ ನೋಡುತ್ತಾರೆ. 2020ರಲ್ಲಿ ಶುರುವಾದ 'ಪೆಂಟ್‌ಹೌಸ್'ನಲ್ಲಿ ಸತ್ತವರು ಎದ್ದು ಬರುವುದೇ ಕಸುಬು. ಆದರೂ ರೇಟಿಂಗ್ 29ರ ಹತ್ತಿರ ಹೋಗಿತ್ತು! ನಮ್ಮ ಫೋನಿಗೆ ಬರುವುದು ಸೋಸಿ ಬಂದ ಸರಕು, ಅಷ್ಟೇ. ಸೋಸಿದ್ದನ್ನು ಇಟ್ಟುಕೊಂಡು ನಮ್ಮ ಇಡೀ ಗೋಣಿಯ ಜೊತೆ ತೂಗುವುದು ನ್ಯಾಯ ಅಲ್ಲ.

ಹಾಗಂತ ಸೋಸಿದ್ದು ಕಡಿಮೆ ಏನಲ್ಲ. 'ರಿಪ್ಲೈ 1988' ನೋಡಿದ್ದೀರಾ? 2015ರಲ್ಲಿ ಬಂದದ್ದು. ಸೋಲ್ ನಗರದ ಸ್ಸಾಂಗ್‌ಮುನ್-ದೊಂಗ್ ಅನ್ನುವ ಬಡಾವಣೆಯ ಒಂದು ಗಲ್ಲಿ, ಐದು ಮನೆ, ಐದು ಜನ ಸ್ನೇಹಿತರು. ಮೊದಲನೇ ಎಪಿಸೋಡಿನಲ್ಲೇ ರಾತ್ರಿ ಊಟದ ಹೊತ್ತಿನ ಒಂದು ದೃಶ್ಯ ಇದೆ. ಒಬ್ಬ ಅಮ್ಮ ಮಾಡಿದ್ದನ್ನು ಬಟ್ಟಲಿಗೆ ಹಾಕಿ ಪಕ್ಕದ ಮನೆಗೆ ಕೊಟ್ಟು ಬಾ ಅಂತ ಮಗನನ್ನು ಕಳಿಸುತ್ತಾಳೆ. ಆ ಮನೆಯವರು ಬರಿ ಬಟ್ಟಲು ವಾಪಸ್ ಕೊಡುತ್ತಾರಾ? ಅವರದೂ ಏನೋ ಒಂದು ಹಾಕಿ ಕಳಿಸುತ್ತಾರೆ. ಹೀಗೆ ಗಲ್ಲಿಯಲ್ಲಿ ಮಕ್ಕಳು ಬಟ್ಟಲು ಹಿಡಿದುಕೊಂಡು ಅಲ್ಲಿಂದಿಲ್ಲಿಗೆ ಓಡಾಡುತ್ತಲೇ ಇರುತ್ತಾರೆ, ಇಷ್ಟೆಲ್ಲ ಓಡುವ ಬದಲು ಎಲ್ಲರೂ ಒಟ್ಟಿಗೇ ಕೂತು ತಿನ್ನಬಾರದಾ ಅಂತ ಒಬ್ಬ ಹುಡುಗ ಗೊಣಗುವವರೆಗೆ. ಹೆಂಡತಿ ಇಲ್ಲದ ಒಬ್ಬ ಅಪ್ಪ, ಅವನ ಒಬ್ಬನೇ ಮಗ, ಆ ಮನೆಯ ಬಡ ಮೇಜು ಕೊನೆಗೆ ತುಂಬಿಹೋಗಿರುತ್ತದೆ. ಯಾರೂ ಒಂದು ಮಾತು ಉಪದೇಶ ಹೇಳುವುದಿಲ್ಲ. ಹಿನ್ನೆಲೆಯಲ್ಲಿ ಪಿಟೀಲು ಕುಯ್ಯುವುದಿಲ್ಲ. ಆ ಐದು ಮನೆಗಳಲ್ಲಿ ಯಾರಿಗೆ ದುಡ್ಡಿದೆ, ಯಾರಿಗಿಲ್ಲ, ಯಾರು ಯಾರಿಗೆ ಆಗುತ್ತಾರೆ ಅನ್ನುವುದೆಲ್ಲ ಬಟ್ಟಲುಗಳಲ್ಲೇ ತಿಳಿದುಹೋಗುತ್ತದೆ.

ಅಂಥ ಧಾರಾವಾಹಿಯ ಮೇಲೂ ಜಗಳ ಆಯಿತು. ನಾಯಕಿ ದೊಡ್ಡವಳಾದ ಮೇಲೆ ಮದುವೆಯಾಗಿದ್ದು ಆ ಹುಡುಗರಲ್ಲಿ ಯಾರನ್ನು ಅನ್ನುವುದನ್ನು ಕೊನೆಯವರೆಗೂ ಮುಚ್ಚಿಟ್ಟಿದ್ದರು. ಕೊರಿಯಾ ಎರಡು ಪಕ್ಷವಾಗಿ ಹೋಯಿತು. ಜಂಗ್-ಹ್ವಾನ್ ಅನ್ನುವವರು, ತೇಕ್ ಅನ್ನುವವರು. ಗೋಡೆಯ ಮೇಲಿನ ಫೋಟೋ, ದೊಡ್ಡವನಾದ ಗಂಡ ಕೂರುವ ಭಂಗಿ ಎಲ್ಲ ಹಿಡಿದುಕೊಂಡು ವಾದ. ಕೊನೆಗೆ ತೇಕ್ ಗೆದ್ದ. ಜಂಗ್-ಹ್ವಾನ್ ಪಕ್ಷದವರು ಇವತ್ತಿಗೂ ಸಮಾಧಾನ ಆಗಿಲ್ಲ. ನಾನು ಯಾವ ಪಕ್ಷ ಅಂತ ಹೇಳಿದರೆ ಈ ಸಭೆ ಇಲ್ಲೇ ಒಡೆಯುತ್ತದೆ, ಅದಕ್ಕೇ ಹೇಳುವುದಿಲ್ಲ.

ಇನ್ನೂ ಹಳೆಯದು, 2004ರ 'ಲವರ್ಸ್ ಇನ್ ಪ್ಯಾರಿಸ್'. ಬರೆದವರಲ್ಲಿ ಒಬ್ಬರು ಕಿಮ್ ಉನ್-ಸೂಕ್. ಅಲ್ಲಿ ಧಾರಾವಾಹಿ ಬರೆಯುವವರೇ ದೊಡ್ಡ ಸ್ಟಾರ್, ಅವರ ಹೆಸರು ಕೇಳಿಯೇ ಜನ ಟಿವಿ ಮುಂದೆ ಕೂರುತ್ತಾರೆ. ದೇಶವೆಲ್ಲ ಮುಗಿಬಿದ್ದು ನೋಡಿತ್ತು. ಕೊನೆಗೆ ಏನು ತೋರಿಸಿದರು ಗೊತ್ತಾ? ಇಷ್ಟು ದಿನ ನೀವು ನೋಡಿದ್ದೆಲ್ಲ ನಾಯಕಿ ಕೂತು ಬರೆದ ಕಥೆ ಅಂತ. ಜನ ಕೆಂಡಾಮಂಡಲ. ಇಪ್ಪತ್ತು ವರ್ಷ ಆದರೂ ಕೆಟ್ಟ ಕೊನೆ ಅಂದರೆ ಮೊದಲು ಅದರ ಹೆಸರೇ ಬರುತ್ತದೆ. ಈ ಸಿಟ್ಟು ಒಳ್ಳೆಯದು ಅಂತ ನನಗೆ ಅನ್ನಿಸುತ್ತದೆ. ಕಥೆಯಲ್ಲಿ ಮೋಸ ಮಾಡಿದರೆ ನೋಡುವವರು ಸುಮ್ನೆ ಬಿಡಬಾರದು. ಬಿಟ್ಟರೆ ಬರೆಯುವವರು ಮನಸ್ಸಿಗೆ ಬಂದ ಹಾಗೆ ಬರೆಯುತ್ತಾರೆ.

ಆದರೆ ಈ ಸಿಟ್ಟಿನ ಬೆಲೆಯನ್ನು ಬೇರೆ ಯಾರೋ ಕೊಟ್ಟಿದ್ದಾರೆ. ಬಹಳ ವರ್ಷ ಅಲ್ಲಿ ನಾಲ್ಕಾರು ಎಪಿಸೋಡ್ ಮಾತ್ರ ಮೊದಲು ಚಿತ್ರಿಸಿಕೊಂಡು, ಉಳಿದದ್ದನ್ನು ಪ್ರಸಾರ ನಡೆಯುತ್ತಿರುವಾಗಲೇ ಮಾಡುತ್ತಿದ್ದರು. ಜನ ಏನಂತಾರೆ ನೋಡಿ, ರೇಟಿಂಗ್ ನೋಡಿ, ಕಥೆ ತಿರುಗಿಸುವುದು. ಎರಡನೇ ನಾಯಕ ಇಷ್ಟವಾದನಾ, ಅವನ ದೃಶ್ಯ ಹೆಚ್ಚಿಸಿ. ಸೆಟ್ಟಿಗೆ ಸ್ಕ್ರಿಪ್ಟು ನಾಲ್ಕು ಹಾಳೆ, ಐದು ಹಾಳೆ ಹೀಗೆ ತುಂಡುತುಂಡಾಗಿ ಬರುತ್ತಿತ್ತು. ರಾತ್ರಿ ಪೂರ್ತಿ ಚಿತ್ರೀಕರಣ, ಬೆಳಗಾದರೆ ಎಡಿಟಿಂಗ್, ಸಂಜೆ ಪ್ರಸಾರ. ನಿದ್ದೆ ಯಾವಾಗ? 2016ರಲ್ಲಿ ಲೀ ಹಾನ್-ಬಿತ್ ಅನ್ನುವ ಯುವ ಸಹನಿರ್ದೇಶಕ, ತಾನೂ ದುಡಿದು ಬೇರೆಯವರನ್ನೂ ಹೀಗೆ ದುಡಿಸಬೇಕಲ್ಲ ಅನ್ನುವ ಸಂಕಟವನ್ನು ಬರೆದಿಟ್ಟು ಪ್ರಾಣ ಕಳೆದುಕೊಂಡ. ಈಗ ಅವನ ಹೆಸರಿನಲ್ಲಿ ಸೋಲ್‌ನಲ್ಲಿ ಮಾಧ್ಯಮ ಕಾರ್ಮಿಕರಿಗಾಗಿ ಒಂದು ಕೇಂದ್ರ ನಡೆಯುತ್ತಿದೆ. 2018ರಲ್ಲಿ ವಾರಕ್ಕೆ 52 ಗಂಟೆ ಕೆಲಸದ ಕಾನೂನು ಬಂತು. ಮುಂದಿನ ವರ್ಷ ದೊಡ್ಡ ಚಾನೆಲ್‌ಗಳಿಗೂ ಅದು ಅನ್ವಯವಾಯಿತು. ಅತ್ತ ನೆಟ್‌ಫ್ಲಿಕ್ಸ್‌ನವರಿಗೆ ಮೊದಲೇ ಎಲ್ಲ ಮುಗಿದಿರಬೇಕು. ಹಾಗಾಗಿ ಈಗ ಪ್ರಸಾರಕ್ಕೆ ಮೊದಲೇ ಪೂರ್ತಿ ಮುಗಿಸುವುದು ಹೆಚ್ಚಾಗಿದೆ.

ಪೂರ್ತಿ ಮುಗಿಸಿಟ್ಟುಕೊಂಡರೆ ಪ್ರೇಕ್ಷಕರಿಂದ ಪಾರಾದರು ಅಂದುಕೊಳ್ಳಬೇಡಿ. 2021ರ ಮಾರ್ಚ್‌ನಲ್ಲಿ ಎಸ್‌ಬಿಎಸ್ ಚಾನೆಲ್ 'ಜೋಸನ್ ಎಕ್ಸಾರ್ಸಿಸ್ಟ್' ಅನ್ನುವ ಐತಿಹಾಸಿಕ ಡ್ರಾಮಾ ಶುರುಮಾಡಿತು. ರಾಜಮನೆತನ, ಪಿಶಾಚಿಗಳು, ಭಾರಿ ಖರ್ಚು. ಮೊದಲನೇ ಎಪಿಸೋಡಿನಲ್ಲಿ ರಾಜಕುಮಾರ ಪರದೇಶದ ಪಾದ್ರಿಗೆ ಊಟ ಹಾಕಿಸುವ ದೃಶ್ಯ. ಮೇಜಿನ ಮೇಲೆ ಇದ್ದದ್ದು ಚೀನಾದ ಮೂನ್‌ಕೇಕ್, ಚೀನಾದ ಮೊಟ್ಟೆ. ಆ ಹೊತ್ತಿಗೆ ಕಿಮ್ಚಿ ಉಪ್ಪಿನಕಾಯಿ ಯಾರದು, ಹಾನ್‌ಬೋಕ್ ಉಡುಪು ಯಾರದು ಅಂತ ಚೀನಾ-ಕೊರಿಯಾ ಜನರ ನಡುವೆ ಬಿಸಿಬಿಸಿ ಜಗಳ ನಡೆಯುತ್ತಿತ್ತು. ಸಾಲದು ಅಂತ, ಇತಿಹಾಸದಲ್ಲಿ ನಿಜವಾಗಿ ಇದ್ದ ರಾಜ ತೇಜೊಂಗ್ ಅಮಾಯಕರನ್ನು ಕೊಚ್ಚಿಹಾಕುವ ಹಾಗೆ ತೋರಿಸಿದ್ದರು. ಜನ ಚಾನೆಲ್‌ಗೆ ಬಯ್ದು ಸುಮ್ಮನಾಗಲಿಲ್ಲ. ಜಾಹೀರಾತು ಕೊಟ್ಟ ಕಂಪನಿಗಳ ಬೆನ್ನು ಬಿದ್ದರು. ಕಂಪನಿಗಳು ಒಂದೊಂದಾಗಿ ಕಳಚಿಕೊಂಡವು. ಶೇಕಡಾ 80ರಷ್ಟು ಚಿತ್ರೀಕರಣ ಮುಗಿದಿದ್ದ ಧಾರಾವಾಹಿ ಎರಡೇ ಎಪಿಸೋಡಿಗೆ, ಅದೇ ವಾರದಲ್ಲಿ ರದ್ದಾಯಿತು.

ಈ ಮೇಜಿನ ಮೇಲಿನ ತಿಂಡಿ ಸುಮ್ನೆ ಬರುವುದೂ ಇಲ್ಲ ಅನ್ನಿ. 2010ರಿಂದ ಧಾರಾವಾಹಿಯ ಒಳಗೇ ವಸ್ತುಗಳನ್ನು ತೋರಿಸಿ ದುಡ್ಡು ಪಡೆಯುವುದಕ್ಕೆ ಅಲ್ಲಿ ಕಾನೂನಿನ ಒಪ್ಪಿಗೆ ಇದೆ. ಪ್ರತಿ ನಾಯಕಿಯೂ ಬೇಜಾರಾದಾಗ ಸಬ್‌ವೇ ಸ್ಯಾಂಡ್‌ವಿಚ್ ಅಂಗಡಿಗೇ ಯಾಕೆ ಹೋಗುತ್ತಾಳೆ ಅಂದುಕೊಂಡಿದ್ದೀರಿ? 'ಡಿಸೆಂಡೆಂಟ್ಸ್ ಆಫ್ ದ ಸನ್'ನಲ್ಲಿ ಒಬ್ಬ ಸೈನಿಕ ಹುಂಡೈ ಕಾರು ಓಡಿಸುತ್ತಾ ಇರುವಾಗ ಬಟನ್ ಒತ್ತಿ, ಸ್ಟಿಯರಿಂಗ್ ಬಿಟ್ಟು ಪಕ್ಕದಲ್ಲಿದ್ದವಳಿಗೆ ಮುತ್ತು ಕೊಡುತ್ತಾನೆ. ಪ್ರೀತಿಯ ದೃಶ್ಯ ಅಂತೆ. ನನಗೆ ಮುಂದೆ ಲಾರಿ ಬಂದರೆ ಏನು ಗತಿ ಅನ್ನುವುದೇ ಚಿಂತೆಯಾಗಿತ್ತು.

ಸರಿ, ಮನರಂಜನಾ ಸುದ್ದಿಗೆ ಬರೋಣ. ಇಲ್ಲಿ ನನ್ನ ಮಾತು ಸ್ವಲ್ಪ ಖಾರ.

'ಡಿಸ್‌ಪ್ಯಾಚ್' ಅಂತ ಒಂದು ಸುದ್ದಿಸಂಸ್ಥೆ ಇದೆ. ಜನವರಿ 1 ಬಂತೆಂದರೆ ಯಾವ ನಟ ಯಾವ ನಟಿಯ ಜೊತೆ ಓಡಾಡುತ್ತಿದ್ದಾನೆ ಅಂತ ಕದ್ದು ತೆಗೆದ ಫೋಟೋ ಹಾಕುವುದಕ್ಕೆ ಹೆಸರುವಾಸಿ. ಜನ ಹೊಸ ವರ್ಷಕ್ಕೆ ಅದನ್ನು ಕಾಯುತ್ತಾರೆ. 'ಕ್ರ್ಯಾಶ್ ಲ್ಯಾಂಡಿಂಗ್'ನ ನಾಯಕ ಹ್ಯುನ್ ಬಿನ್ ಮತ್ತು ನಾಯಕಿ ಸನ್ ಯೆ-ಜಿನ್ 2019ರಲ್ಲಿ ಅಮೆರಿಕದ ಸೂಪರ್‌ಮಾರ್ಕೆಟ್ ಒಂದರಲ್ಲಿ ಕಂಡರು ಅಂತ ಗುಲ್ಲಾಯಿತು, ಇಬ್ಬರ ಕಡೆಯವರೂ ಹಾಗೇನಿಲ್ಲ ಅಂದರು. 2021ರ ಜನವರಿ 1ಕ್ಕೆ ಫೋಟೋ ಬಂತು, ಆಗ ಒಪ್ಪಿಕೊಂಡರು, 2022ರ ಮಾರ್ಚ್‌ನಲ್ಲಿ ಮದುವೆಯೂ ಆಯಿತು. ನಾನೂ ಖುಷಿಪಟ್ಟೆ, ಸುಳ್ಳು ಯಾಕೆ ಹೇಳಲಿ. ಪರದೆಯ ಮೇಲೆ ಉತ್ತರ-ದಕ್ಷಿಣ ಕೊರಿಯಾದ ಗಡಿ ದಾಟಿದ ಪ್ರೀತಿ ನಿಜ ಆದರೆ ಯಾರಿಗೆ ಬೇಡ?

ಆದರೆ ಎಲ್ಲರಿಗೂ ಹೀಗೆ ಆಗುವುದಿಲ್ಲ. 2024ರಲ್ಲಿ ಎಸ್ಪಾ ತಂಡದ ಹಾಡುಗಾರ್ತಿ ಕರೀನಾ ಒಬ್ಬ ನಟನನ್ನು ಪ್ರೀತಿಸುತ್ತಿದ್ದಾಳೆ ಅಂತ ಅದೇ ಡಿಸ್‌ಪ್ಯಾಚ್ ಬರೆಯಿತು. ಅಭಿಮಾನಿಗಳು ಎಲ್‌ಇಡಿ ಬೋರ್ಡಿನ ಲಾರಿ ಬಾಡಿಗೆಗೆ ತಂದು ಅವಳ ಕಂಪನಿಯ ಮುಂದೆ ನಿಲ್ಲಿಸಿದರು. ನಮ್ಮ ಪ್ರೀತಿ ಸಾಲದಾಯಿತಾ ಅಂತ ಅದರಲ್ಲಿ ಬರಹ. ಆ ಹುಡುಗಿ ಕೈಯಲ್ಲಿ ಬರೆದ ಕ್ಷಮಾಪಣೆ ಪತ್ರ ಹಾಕಬೇಕಾಯಿತು. ಇಪ್ಪತ್ಮೂರು ವರ್ಷದವಳು ಪ್ರೀತಿ ಮಾಡಿದ್ದಕ್ಕೆ ಕ್ಷಮಾಪಣೆ!

2019ರ ಅಕ್ಟೋಬರ್‌ನಲ್ಲಿ ಹಾಡುಗಾರ್ತಿ ಸುಲ್ಲಿ, ನವೆಂಬರ್‌ನಲ್ಲಿ ಅವಳ ಗೆಳತಿ, ಹಾಡುಗಾರ್ತಿಯೇ ಆದ ಗು ಹಾರಾ, ಇಬ್ಬರೂ ತೀರಿಕೊಂಡರು. ಇಬ್ಬರೂ ವರ್ಷಗಟ್ಟಲೆ ಹೊಲಸು ಕಾಮೆಂಟು ತಿಂದವರು. ಆಮೇಲೆ ಎಚ್ಚರ ಬಂತು. ಕೊರಿಯಾದವರು ಸುದ್ದಿ ಓದುವ ದೊಡ್ಡ ವೆಬ್‌ಸೈಟುಗಳಲ್ಲಿ ಡೌಮ್ ಆ ಅಕ್ಟೋಬರ್ ಕೊನೆಯಲ್ಲಿ, ನೇವರ್ 2020ರ ಮಾರ್ಚ್‌ನಲ್ಲಿ ಮನರಂಜನಾ ಸುದ್ದಿಗಳ ಕೆಳಗೆ ಕಾಮೆಂಟು ಹಾಕುವುದನ್ನೇ ನಿಲ್ಲಿಸಿದವು. ಬಯ್ಯುವವರು ಬಾಯಿ ಮುಚ್ಚಿಕೊಂಡರಾ? ಇಲ್ಲ, ಯೂಟ್ಯೂಬ್‌ಗೆ ಹೋದರು. ಅಲ್ಲಿ ಇನ್ನೂ ಹೆಚ್ಚು ದುಡ್ಡು ಹುಟ್ಟುತ್ತದೆ.

ಎಲ್ಲ ಸುದ್ದಿಯೂ ಬರಿ ಗಾಳಿಸುದ್ದಿ ಅಂತ ನಾನು ಹೇಳುತ್ತಿಲ್ಲ. 2021ರಲ್ಲಿ 'ರಿವರ್ ವೇರ್ ದ ಮೂನ್ ರೈಸಸ್' ಪ್ರಸಾರ ಆಗುತ್ತಿರುವಾಗ ಅದರ ನಾಯಕನಟ ಶಾಲಾದಿನಗಳಲ್ಲಿ ಸಹಪಾಠಿಗಳಿಗೆ ಹಿಂಸೆ ಕೊಡುತ್ತಿದ್ದ ಅನ್ನುವ ಆರೋಪ ಬಂತು, ಅವನು ಕ್ಷಮೆ ಕೇಳಿದ, ಬಹುಪಾಲು ಚಿತ್ರೀಕರಣ ಮುಗಿದಿದ್ದರೂ ಅವನನ್ನು ತೆಗೆದು ಏಳನೇ ಎಪಿಸೋಡಿನಿಂದ ಬೇರೆ ನಟನನ್ನು ಹಾಕಿ ಮತ್ತೆ ಚಿತ್ರಿಸಿದರು. ಹತ್ತು ವರ್ಷಕ್ಕೂ ಹಿಂದೆ ಹೊಡೆತ ತಿಂದ ಹುಡುಗನ ಮಾತಿಗೆ ಒಂದು ಇಡೀ ಚಾನೆಲ್ ತಲೆಬಾಗುವುದು ಸಣ್ಣ ವಿಷಯ ಅಲ್ಲ. ಅದನ್ನು ನಾನು ಮೆಚ್ಚುತ್ತೇನೆ. ತೊಂದರೆ ಏನೆಂದರೆ, ಹೊಡೆದವನಿಗೂ ಪ್ರೀತಿ ಮಾಡಿದವಳಿಗೂ ಒಂದೇ ಅಳತೆಯ ಶಿಕ್ಷೆ. ಇನ್ನೂ ಏನೂ ಸಾಬೀತಾಗದವನಿಗೂ ಅದೇ.

ಲೀ ಸನ್-ಗ್ಯುನ್ ಅವರ ವಿಷಯ ಅದೇ. 'ಪ್ಯಾರಸೈಟ್' ಸಿನಿಮಾದಲ್ಲಿ ಶ್ರೀಮಂತ ಮನೆಯ ಯಜಮಾನ ಆಗಿದ್ದವರು. 2023ರಲ್ಲಿ ಮಾದಕವಸ್ತು ಸೇವನೆ ಆರೋಪದ ಮೇಲೆ ಪೊಲೀಸರು ಮೂರು ಸಲ ಕರೆಸಿದರು, ಮೂರೂ ಸಲ ಕ್ಯಾಮೆರಾಗಳ ಸಾಲಿನ ಮುಂದೆಯೇ ನಡೆಸಿಕೊಂಡು ಹೋದರು. ಕೊನೆಯ ವಿಚಾರಣೆ 19 ಗಂಟೆ. ಪರೀಕ್ಷೆಗಳಲ್ಲಿ ಏನೂ ಸಿಕ್ಕಿರಲಿಲ್ಲ. ಖಾಸಗಿ ಫೋನ್ ಮಾತುಕತೆ ಕೂಡ ಸುದ್ದಿಯಲ್ಲಿ ಬಂತು, ಅದಕ್ಕೂ ಕೇಸಿಗೂ ಏನು ಸಂಬಂಧ? ಡಿಸೆಂಬರ್ 27ಕ್ಕೆ ಅವರು ತೀರಿಕೊಂಡರು. ಮುಂದಿನ ತಿಂಗಳು ನಿರ್ದೇಶಕ ಬಾಂಗ್ ಜೂನ್-ಹೊ ಮತ್ತು ಹಲವು ಕಲಾವಿದರು ಪತ್ರಿಕಾಗೋಷ್ಠಿ ಕರೆದು, ತನಿಖೆಯ ವಿವರಗಳು ಹೇಗೆ ಹೊರಗೆ ಬಂದವು ಅಂತ ಪೊಲೀಸರನ್ನೂ, ಅದನ್ನೆಲ್ಲ ಯಾಕೆ ಹಾಕಿದಿರಿ ಅಂತ ಮಾಧ್ಯಮಗಳನ್ನೂ ಕೇಳಿದರು. ಆ ಸುದ್ದಿಗಳ ಮೇಲೆ ಕ್ಲಿಕ್ ಮಾಡಿದವರು ಕೊರಿಯಾದವರು ಮಾತ್ರ ಅಲ್ಲ. ಇಂಗ್ಲಿಷಿಗೆ ತಿರುಗಿಸಿದ್ದು ಗಂಟೆಯೊಳಗೆ ನಮ್ಮ ಫೋನಿಗೂ ಬರುತ್ತದೆ, ಬೆಂಗಳೂರಿನ ಮೆಟ್ರೋದಲ್ಲಿ ಕೂತು ನಾವೂ ಒತ್ತುತ್ತೇವೆ.

ಲೀ ಸನ್-ಗ್ಯುನ್ ನಟಿಸಿದ ಧಾರಾವಾಹಿ 'ಮೈ ಮಿಸ್ಟರ್' 2018ರದ್ದು. ಬರೆದವರು ಪಾರ್ಕ್ ಹೇ-ಯಂಗ್. ಶುರುವಿನಲ್ಲಿ ಜನ ಅದನ್ನೂ ಚೆನ್ನಾಗಿ ಬಯ್ದಿದ್ದರು. ನಲವತ್ತು ದಾಟಿದ ಗಂಡಸು, ಇಪ್ಪತ್ತೊಂದರ ಹುಡುಗಿ, ಇದೇನು ಪ್ರೇಮಕಥೆಯಾ ಅಂತ. ಪ್ರೇಮಕಥೆ ಆಗಿರಲೇ ಇಲ್ಲ. ಮುಗಿಯುವ ಹೊತ್ತಿಗೆ ಬಯ್ದವರೇ ಹೊಗಳಿದರು, ಮರುವರ್ಷದ ಬೇಕ್‌ಸಾಂಗ್ ಪ್ರಶಸ್ತಿಗಳಲ್ಲಿ ಅತ್ಯುತ್ತಮ ಡ್ರಾಮಾ ಅದೇ ಆಯಿತು.

ಅದರಲ್ಲಿ ಹಾಡುಗಾರ್ತಿ-ನಟಿ ಐಯು ಮಾಡಿರುವ ಪಾತ್ರ, ಜಿ-ಆನ್, ಆಫೀಸಿನಿಂದ ಇನ್‌ಸ್ಟಂಟ್ ಕಾಫಿ ಪೊಟ್ಟಣ ಜೇಬಿಗೆ ಹಾಕಿಕೊಂಡು ಬಂದು ಕಲಸಿ ಕುಡಿಯುತ್ತಾಳೆ. ಅವಳ ರಾತ್ರಿ ಊಟ ಅದು. ಮಾತು ಬಾರದ ಅಜ್ಜಿಗೆ ಹುಣ್ಣಿಮೆ ಚಂದ್ರನನ್ನು ನೋಡುವ ಆಸೆ. ಗಾಲಿಕುರ್ಚಿ ಎಲ್ಲಿಂದ ತರುತ್ತಾಳೆ? ಸೂಪರ್‌ಮಾರ್ಕೆಟ್ಟಿನ ತಳ್ಳುಗಾಡಿ ಎತ್ತಿಕೊಂಡು ಬಂದು ಅದರಲ್ಲಿ ಅಜ್ಜಿಯನ್ನು ಕೂರಿಸಿ ತಳ್ಳಿಕೊಂಡು ಹೋಗುತ್ತಾಳೆ. ಲೀ ಸನ್-ಗ್ಯುನ್ ಪಾತ್ರ ಇದನ್ನು ನೋಡುತ್ತದೆ. ಅಜ್ಜಿಯನ್ನು ಮನೆಗೆ ಹೊತ್ತು ತಲುಪಿಸಿ, ಒಳ್ಳೆಯ ಹುಡುಗಿ ನೀನು ಅನ್ನುವಷ್ಟು ಹೇಳಿ ಹೊರಡುತ್ತದೆ.

ಹೊಸಬರು ಯಾವುದರಿಂದ ಶುರುಮಾಡಬೇಕು ಅಂತ ಆಗಲೇ ಒಬ್ಬರು ಕೇಳಿದರು. ಇದರಿಂದಲೇ ಮಾಡಿ. ಮೊದಲ ಎರಡು ಎಪಿಸೋಡ್ ನಿಧಾನ, ಕತ್ತಲೆ ಬೇರೆ ಜಾಸ್ತಿ, ಒಂದು ಹೊಡೆತದ ದೃಶ್ಯ ನೋಡುವುದಕ್ಕೆ ಕಷ್ಟ. ನಾಲ್ಕರವರೆಗೆ ತಡೆದುಕೊಳ್ಳಿ. ಅಲ್ಲಿಗೂ ಹಿಡಿಸದಿದ್ದರೆ 'ರಿಪ್ಲೈ 1988' ಹಾಕಿಕೊಳ್ಳಿ, ಅದನ್ನು ಅಪ್ಪ ಅಮ್ಮನ ಜೊತೆ ಕೂತೂ ನೋಡಬಹುದು. ಪ್ರಶ್ನೆ ಇದ್ದರೆ ಈಗ ಕೇಳಿ, ಮೈಕ್ ಆ ಕಡೆ ಕೊಡುತ್ತಾರೆ.