ಹಳೇ ಫೋನಲ್ಲಿ ಚಿನ್ನ ಇದೆ, ಮತ್ತೆ ಕಾನೂನು ಯಾಕೆ ಬೇಕಾಯಿತು?

ನಮಸ್ಕಾರ. ಕಳೆದ ವಿಡಿಯೋ ಕೆಳಗೆ ಒಬ್ಬರು ಕೇಳಿದ್ದರು: "ಇ-ತ್ಯಾಜ್ಯದಲ್ಲಿ ಚಿನ್ನ ಇದೆ ಅಂತೀರಿ. ಹಾಗಿದ್ದರೆ ಮರುಬಳಕೆ ಫ್ಯಾಕ್ಟರಿಗಳು ತಾವಾಗಿಯೇ ಬೆಳೆಯಬೇಕಿತ್ತಲ್ವಾ? ಸರ್ಕಾರ ಯಾಕೆ ನಡುವೆ ಬರಬೇಕು?" ತುಂಬಾ ಒಳ್ಳೆಯ ಪ್ರಶ್ನೆ.

ಇ-ತ್ಯಾಜ್ಯ ಅಂದರೆ ಬಿಸಾಡಿದ ಫೋನ್, ಕಂಪ್ಯೂಟರ್‌ನಂಥ ಎಲೆಕ್ಟ್ರಾನಿಕ್ ವಸ್ತುಗಳು. 2022ರಲ್ಲಿ ಇಡೀ ಜಗತ್ತಿನಲ್ಲಿ ಆದ ಇ-ತ್ಯಾಜ್ಯ 6.2 ಕೋಟಿ ಟನ್. ಸರಿಯಾಗಿ ಮರುಬಳಕೆಗೆ ಹೋಗಿದೆ ಅಂತ ಲೆಕ್ಕ ಸಿಗುವುದು ಅದರಲ್ಲಿ 22.3% ಮಾತ್ರ.

ಈಗ ಚಿನ್ನಕ್ಕೆ ಬರೋಣ.

[ಸ್ಕ್ರೀನ್ ಮೇಲೆ: ಕೆಜಿಎಫ್ ಗಣಿಯ ಹಳೇ ಫೋಟೊ]

ಕೆಜಿಎಫ್ ಮುಚ್ಚಿದ್ದು 2001ರ ಫೆಬ್ರವರಿಯಲ್ಲಿ. ಕೊನೆಕೊನೆಗೆ ಒಂದು ಟನ್ ಅದಿರಿಗೆ ಸಿಗುತ್ತಿದ್ದದ್ದು ಸುಮಾರು 3 ಗ್ರಾಂ ಚಿನ್ನ. ಅಷ್ಟಕ್ಕಾಗಿ ಜನ ನೆಲದೊಳಗೆ ಕಿಲೋಮೀಟರ್‌ಗಟ್ಟಲೆ ಇಳಿಯುತ್ತಿದ್ದರು. ಈಗ ಫೋನ್ ನೋಡಿ. ಅಮೆರಿಕದ ಸರ್ಕಾರಿ ಪರಿಸರ ಸಂಸ್ಥೆ ಇಪಿಎ ಲೆಕ್ಕದಲ್ಲಿ 10 ಲಕ್ಷ ಫೋನುಗಳಿಂದ ಸುಮಾರು 34 ಕಿಲೋ ಚಿನ್ನ, 350 ಕಿಲೋ ಬೆಳ್ಳಿ, 16 ಟನ್ ತಾಮ್ರ ತೆಗೆಯಬಹುದು. ಒಂದು ಫೋನಿಗೆ 100 ಗ್ರಾಂ ತೂಕ ಅಂತ ಇಟ್ಟುಕೊಂಡರೆ, ಟನ್ನಿಗೆ 340 ಗ್ರಾಂ ಚಿನ್ನ. ನಮ್ಮ ಕೋಲಾರದ ಕೊನೆಯ ಅದಿರಿನ ನೂರು ಪಟ್ಟಿಗಿಂತ ಜಾಸ್ತಿ! ಟೋಕಿಯೊ ಒಲಿಂಪಿಕ್ಸ್ ಪದಕಗಳಿಗೆ ಬೇಕಾದ ಲೋಹ ಬಂದದ್ದೂ ಹೀಗೆಯೇ. ಜಪಾನಿನ ಜನ ಕೊಟ್ಟ ಹಳೇ ಫೋನ್, ಲ್ಯಾಪ್‌ಟಾಪ್‌ಗಳಿಂದ 32 ಕಿಲೋ ಚಿನ್ನ ತೆಗೆದರು. ಇದನ್ನು ಎಷ್ಟು ಸಲ ಓದಿದರೂ ನನಗೆ ಆಶ್ಚರ್ಯ ಕಡಿಮೆಯಾಗುವುದಿಲ್ಲ.

ಆದರೆ ಗಣಿಯ ಅದಿರು ಒಂದೇ ಕಡೆ ಸಿಗುತ್ತದೆ. ಫೋನಿನ ಚಿನ್ನ ಹಾಗಲ್ಲ. ಒಂದೊಂದರಲ್ಲಿ ಸಾಸಿವೆ ಕಾಳಿನಷ್ಟು, ಅದೂ ಮನೆಮನೆಯ ಡ್ರಾಯರ್‌ಗಳಲ್ಲಿ. ಒಟ್ಟುಮಾಡುವುದೇ ದೊಡ್ಡ ಖರ್ಚು. ಆ ಕೆಲಸ ಚೆನ್ನಾಗಿ ಬಲ್ಲವರು ಗುಜರಿಯವರು. ಮನೆ ಬಾಗಿಲಿಗೇ ಬಂದು ದುಡ್ಡು ಕೊಟ್ಟು ಒಯ್ಯುತ್ತಾರೆ. ಆಮೇಲೆ ಎಷ್ಟೋ ಕಡೆ ವಯರ್ ಸುಟ್ಟು ತಾಮ್ರ ತೆಗೆಯುತ್ತಾರೆ, ಬೋರ್ಡನ್ನು ಆಸಿಡ್‌ನಲ್ಲಿ ಅದ್ದಿ ಚಿನ್ನ ತೆಗೆಯುತ್ತಾರೆ. ಉಳಿದ ಆಸಿಡ್ ಚರಂಡಿಗೆ. ಆ ವಿಷದ ಹೊಗೆ ಮೊದಲು ಹೋಗುವುದು ಕೆಲಸ ಮಾಡುವವರ ಎದೆಯೊಳಕ್ಕೆ.

ಫ್ಯಾಕ್ಟರಿ ಹಾಗೆ ಮಾಡುವಂತಿಲ್ಲ. ಹೊಗೆ, ನೀರು ಎರಡನ್ನೂ ಶುದ್ಧ ಮಾಡಬೇಕು, ಅದಕ್ಕೆ ಖರ್ಚಾಗುತ್ತದೆ. ಹಾಗಾಗಿ ಗುಜರಿಯ ರೇಟಿಗೆ ಮಾಲು ಕೊಳ್ಳುವುದು ಕಷ್ಟ. ಬೆಂಗಳೂರು ಹತ್ತಿರದ ದಾಬಸ್‌ಪೇಟೆಯಲ್ಲಿ ಇ-ಪರಿಸರ ಅನ್ನುವ ಇ-ತ್ಯಾಜ್ಯ ಮರುಬಳಕೆ ಘಟಕ 2005ರಲ್ಲೇ ಶುರುವಾದರೂ, ದೇಶದಲ್ಲಿ ಈ ಉದ್ಯಮ ಓಡಲಿಲ್ಲ, ತೆವಳಿತು.

ಸಮಯ ಆಗುತ್ತಾ ಬಂತು, ಉಳಿದದ್ದು ಬೇಗ ಹೇಳುತ್ತೇನೆ. "ಮಾಲು ತಯಾರಿಸಿದವರೇ ಹೊಣೆ" ಅಂತ ಕೇಂದ್ರ ಸರ್ಕಾರದ 2011ರ ಇ-ತ್ಯಾಜ್ಯ ನಿಯಮ ಹೇಳಿತು. 2023ರ ಏಪ್ರಿಲ್‌ನಿಂದ ಇನ್ನೂ ಬಿಗಿಯಾಯಿತು. ನಿಯಮಕ್ಕೆ ಒಳಪಡುವ ವಸ್ತುಗಳ ಪಟ್ಟಿ 21 ಬಗೆಯಿಂದ 106ಕ್ಕೆ ಏರಿತು. ಮಾಲು ತಯಾರಿಸುವ ಕಂಪನಿಗಳು ನೋಂದಾಯಿತ ಘಟಕಗಳಿಂದ ಮರುಬಳಕೆ ಸರ್ಟಿಫಿಕೇಟ್, ಅಂದರೆ ಇಷ್ಟು ಮರುಬಳಕೆ ಆಗಿದೆ ಅನ್ನುವ ಪತ್ರ, ಕೊಳ್ಳಲೇಬೇಕು. ಅಂದರೆ ಘಟಕಕ್ಕೆ ಲೋಹ ಮಾರಿದ ದುಡ್ಡಿನ ಜೊತೆ ಈ ದುಡ್ಡೂ ಬರುತ್ತದೆ. ಈ ಸರ್ಟಿಫಿಕೇಟ್‌ಗೆ ಸರ್ಕಾರ ಕನಿಷ್ಠ ಬೆಲೆ ಕಟ್ಟಿದ್ದಕ್ಕೆ ಕೆಲವು ಕಂಪನಿಗಳು ಕೋರ್ಟಿಗೆ ಹೋಗಿವೆ. ನನ್ನ ಪ್ರಕಾರ ಕನಿಷ್ಠ ಬೆಲೆ ಇರಲೇಬೇಕು. ಇಲ್ಲದಿದ್ದರೆ ಕಾಗದದ ಮೇಲಷ್ಟೇ ಮರುಬಳಕೆ ನಡೆಯುತ್ತದೆ. ಗುಜರಿಯವರನ್ನೂ ಹೊರಗಿಡಬಾರದು. ಒಟ್ಟುಮಾಡುವ ಕೆಲಸ ಅವರದ್ದೇ ಇರಲಿ, ಅದಕ್ಕೆ ಒಳ್ಳೆ ದುಡ್ಡು ಸಿಗಲಿ. ಆಸಿಡ್ ಕೆಲಸ ಮಾತ್ರ ಅವರ ಕೈಯಿಂದ ತಪ್ಪಲಿ.

ನಿಮ್ಮ ಊರಲ್ಲಿ ಹಳೇ ಫೋನ್ ಯಾರು ತಗೊಳ್ತಾರೆ, ಎಷ್ಟು ಕೊಡ್ತಾರೆ? ಕಾಮೆಂಟಲ್ಲಿ ಬರೆಯಿರಿ.