ನೂರು ಗಂಟೆ ಎಂದರೆ ನೂರೇ ಗಂಟೆ

ನಮಸ್ಕಾರ. ಇವತ್ತಿಗೆಂದು ಸಿದ್ಧಪಡಿಸಿದ್ದ ವಿಷಯವನ್ನು ಬದಿಗಿಟ್ಟು, ಕಳೆದ ಸಂಚಿಕೆಗೆ ಕೇಳುಗರೊಬ್ಬರು ಬರೆದ ಪ್ರತಿಕ್ರಿಯೆಯೊಂದಕ್ಕೇ ಇಡೀ ಸಂಚಿಕೆಯನ್ನು ಮೀಸಲಿಟ್ಟಿದ್ದೇನೆ. ‘ವಿಮಾನದ 100 ಗಂಟೆಯ ತಪಾಸಣೆಗೆ ಹೇಗೂ 10 ಗಂಟೆಯ ರಿಯಾಯಿತಿ ಇದೆಯಲ್ಲ, ಅದನ್ನು 110 ಗಂಟೆಯ ತಪಾಸಣೆ ಎಂದೇ ಲೆಕ್ಕಕ್ಕೆ ಹಿಡಿದರಾಯಿತು’ ಎಂದು ಅವರು ಬರೆದಿದ್ದಾರೆ. ಹಲವರು ಅದನ್ನು ಮೆಚ್ಚಿದ್ದಾರೆ ಕೂಡ. ನನಗೆ ಸಿಟ್ಟು ಬಂದದ್ದು ಆ ಮೆಚ್ಚುಗೆಯನ್ನು ಕಂಡು.

ಅವರು ಆಧಾರವಾಗಿ ತೋರಿಸಿರುವುದು ಅಮೆರಿಕದ ವಿಮಾನಯಾನ ನಿಯಮಾವಳಿಯ 91.409ನೇ ಕಲಮನ್ನು. ಅದು ಹೇಳುವುದಿಷ್ಟು: ಹಣ ಪಡೆದು ಜನರನ್ನು ಕರೆದೊಯ್ಯುವ, ಅಥವಾ ಹಣ ಪಡೆದು ಹಾರಾಟ ಕಲಿಸಲು ಒದಗಿಸುವ ವಿಮಾನವು, ಹಿಂದಿನ 100 ಗಂಟೆಗಳ ಸೇವೆಯೊಳಗೆ ತಪಾಸಣೆಗೊಂಡು ಹಾರಾಟಕ್ಕೆ ಯೋಗ್ಯವೆಂದು ದೃಢಪಟ್ಟಿರಬೇಕು. ಆ ಮಿತಿಯನ್ನು 10 ಗಂಟೆಗಿಂತ ಹೆಚ್ಚಾಗದಂತೆ ಮೀರಬಹುದು, ಆದರೆ ತಪಾಸಣೆ ನಡೆಯುವ ಸ್ಥಳಕ್ಕೆ ಹೋಗುತ್ತಿರುವಾಗ ಮಾತ್ರ. ಹಾಗೆ ಮೀರಿದ ಸಮಯವನ್ನು ಮುಂದಿನ 100 ಗಂಟೆಗಳ ಲೆಕ್ಕದಲ್ಲಿ ಸೇರಿಸಲೇಬೇಕು. ಮೆಚ್ಚಿದವರೆಲ್ಲ ಹತ್ತು ಎಂಬ ಸಂಖ್ಯೆಯನ್ನು ಓದಿ, ಉಳಿದೆರಡು ಷರತ್ತುಗಳನ್ನು ಓದದೆ ಬಿಟ್ಟಿದ್ದಾರೆ.

ಒಂದು ಲೆಕ್ಕ ಮಾಡೋಣ. ವಿಮಾನವೊಂದು ಹಾರಿದ ಒಟ್ಟು ಗಂಟೆ 2,400 ಆದಾಗ ತಪಾಸಣೆ ಆಗಬೇಕಿತ್ತು. ವಿಮಾನ ಹ್ಯಾಂಗರ್ ತಲುಪುವಾಗ 2,406 ಆಗಿತ್ತು. ಮುಂದಿನ ತಪಾಸಣೆ ಯಾವಾಗ? 2,506ಕ್ಕಲ್ಲ, 2,500ಕ್ಕೇ. ಮೀರಿದ ಆರು ಗಂಟೆ ಮುಂದಿನ ನೂರರಿಂದ ತಂದ ಕಡ. ಅದು ಅಲ್ಲೇ ತೀರಬೇಕು, ಆದ್ದರಿಂದ ಆ ವಿಮಾನಕ್ಕೆ ಈಗ ಉಳಿದಿರುವುದು 94 ಗಂಟೆ. ಈ ಒಂದೇ ವಾಕ್ಯದಿಂದ 110ರ ಲೆಕ್ಕ ಬಿದ್ದುಹೋಗುತ್ತದೆ. ಪ್ರತಿ ಸಲವೂ ಹತ್ತು ಗಂಟೆ ಗಿಟ್ಟಿಸಿಕೊಳ್ಳಲು ಸಾಧ್ಯವೇ ಆಗದಂತೆ ನಿಯಮವನ್ನು ಬರೆದಿದ್ದಾರೆ.

ಇದಕ್ಕೆ ಬರುವ ಮೊದಲ ದೂರು ನನಗೆ ಗೊತ್ತು. ತಪಾಸಣೆಯನ್ನು ಬೇಗನೆ, ಅಂದರೆ 2,394 ಗಂಟೆಗೇ ಮುಗಿಸಿದರೆ ಮುಂದಿನದು 2,494ಕ್ಕೇ ಬರುತ್ತದೆ. ಬೇಗ ಮಾಡಿದವನಿಗೂ ನಷ್ಟ, ತಡಮಾಡಿದವನಿಗೂ ಲಾಭವಿಲ್ಲ, ಇದೆಂಥ ನ್ಯಾಯ ಎನ್ನುತ್ತಾರೆ. ನಿಯಮವು ಮಾಲೀಕನ ಲಾಭನಷ್ಟವನ್ನು ತೂಗುತ್ತಿಲ್ಲ ಸ್ವಾಮಿ. ಎಂಜಿನಿಯರ್ ಒಬ್ಬರು ಕಣ್ಣಿಟ್ಟು ನೋಡದ ಭಾಗ ನೂರು ಗಂಟೆಗಿಂತ ಹೆಚ್ಚು ಹಾರಬಾರದು ಎಂಬುದಷ್ಟೇ ಅದಕ್ಕೆ ಬೇಕಾಗಿರುವುದು. ಹಾಗೆ ನೋಡಿದರೆ ಎರಡೂ ಲೆಕ್ಕ ಸರಿಯಾಗಿಯೇ ಇವೆ.

ಎರಡನೆಯ ವಾದ, ತಯಾರಕರು ಅವಧಿಯನ್ನು ಗೊತ್ತುಮಾಡುವಾಗಲೇ ಸಾಕಷ್ಟು ಅಂತರ ಇಟ್ಟಿರುತ್ತಾರೆ, ಸ್ವಲ್ಪ ಹಿಗ್ಗಿಸಿದರೆ ಏನೂ ಆಗದು ಎಂಬುದು. 2000ದ ಜನವರಿ 31ರಂದು ಅಲಾಸ್ಕಾ ಏರ್‌ಲೈನ್ಸ್‌ನ 261ನೇ ವಿಮಾನ, ಒಂದು ಎಂಡಿ-83, ಕ್ಯಾಲಿಫೋರ್ನಿಯಾದ ಕರಾವಳಿಯಾಚೆ ಸಮುದ್ರಕ್ಕೆ ಬಿದ್ದು ಅದರಲ್ಲಿದ್ದ 88 ಮಂದಿಯೂ ಸತ್ತರು. ಬಾಲದ ಅಡ್ಡರೆಕ್ಕೆಯನ್ನು ಏರಿಳಿಸುವ ಜಾಕ್‌ಸ್ಕ್ರೂವಿಗೆ ಸಾಕಷ್ಟು ಗ್ರೀಸ್ ಬೀಳದೆ, ಅದರ ನಟ್ಟಿನ ಥ್ರೆಡ್‌ಗಳು ಸವೆದು ಕಿತ್ತುಹೋಗಿದ್ದವು. ಗ್ರೀಸ್ ಹಚ್ಚುವ ಅವಧಿಯನ್ನೂ ಸವೆತವನ್ನು ಅಳೆಯುವ ಅವಧಿಯನ್ನೂ ವರ್ಷಗಳ ಕಾಲ ಹಂತಹಂತವಾಗಿ ಹಿಗ್ಗಿಸುತ್ತ ಬಂದದ್ದು ಈ ದುರಂತಕ್ಕೆ ದಾರಿಮಾಡಿತೆಂದು ಅಮೆರಿಕದ ರಾಷ್ಟ್ರೀಯ ಸಾರಿಗೆ ಸುರಕ್ಷತಾ ಮಂಡಳಿ ತೀರ್ಮಾನಿಸಿತು. ಅಲ್ಲಿ ಅವಧಿ ಹಿಗ್ಗಿದ್ದು ಅನುಮತಿ ಪಡೆದೇ, ಹಾಗಾಗಿ ಅದು ಬೇರೆ ಸಂಗತಿ ಎಂದು ಯಾರಾದರೂ ತಿದ್ದಲು ಬರಬಹುದು. ಅನುಮತಿ, ಸಹಿ, ದಾಖಲೆ ಎಲ್ಲ ಇದ್ದು ಹಿಗ್ಗಿಸಿದ ಅವಧಿಯೇ ಹೀಗೆ ಮಾಡಿದ ಮೇಲೆ, ಯಾರನ್ನೂ ಕೇಳದೆ ಮನಸ್ಸಿನಲ್ಲೇ ನೂರನ್ನು ನೂರಹತ್ತು ಮಾಡಿಕೊಳ್ಳುವವರನ್ನು ಏನೆನ್ನಬೇಕು?

‘ಮೀರಿ ಹಾರಿದೆವು, ಏನೂ ಆಗಲಿಲ್ಲ’ ಎನ್ನುವವರೂ ಇದ್ದಾರೆ. 2006-07ರಲ್ಲಿ ಸೌತ್‌ವೆಸ್ಟ್ ಏರ್‌ಲೈನ್ಸ್ ತನ್ನ 46 ಬೋಯಿಂಗ್ 737ಗಳನ್ನು, ಒಡಲಿನ ಬಿರುಕುಗಳಿಗಾಗಿ ಮಾಡಲೇಬೇಕಿದ್ದ ತಪಾಸಣೆಯಿಲ್ಲದೆ 59,791 ಬಾರಿ ಹಾರಿಸಿತು ಎಂದು ಅಲ್ಲಿನ ವಿಮಾನಯಾನ ಆಡಳಿತ ಹೇಳಿತು. ಒಂದೂ ಬೀಳಲಿಲ್ಲ, ನಿಜ. ಆಮೇಲೆ ತಪಾಸಣೆ ಮಾಡಿದಾಗ ಆರು ವಿಮಾನಗಳಲ್ಲಿ ಬಿರುಕು ಕಂಡಿತು. ಏನೂ ಆಗಲಿಲ್ಲ ಎಂಬ ಮಾತಿಗೆ ಅರ್ಥ ಇಷ್ಟೇ: ನೋಡಲಿಲ್ಲ.

ಸುರಕ್ಷತಾ ಆದೇಶ, ಅಂದರೆ ಎ.ಡಿ., ವಿಧಿಸಿದ ಗಡುವಿಗೆ ಈ ಹತ್ತು ಗಂಟೆ ಅನ್ವಯಿಸುವುದೇ ಇಲ್ಲ ಎಂಬುದನ್ನೂ ಇಲ್ಲೇ ಹೇಳಿಬಿಡುತ್ತೇನೆ. ವಾರ್ಷಿಕ ತಪಾಸಣೆಗೂ ಅಷ್ಟೇ; ಅದು ಆಗಬೇಕಿದ್ದ ತಿಂಗಳ ಕೊನೆಯ ದಿನ ಕಳೆದರೆ ವಿಶೇಷ ಹಾರಾಟದ ಪರವಾನಗಿ ಪಡೆಯದೆ ನೆಲ ಬಿಡುವಂತಿಲ್ಲ. ಇಂಥ ವಿಷಯಗಳನ್ನು ಕನ್ನಡದಲ್ಲಿ ವಿವರವಾಗಿ ಕೇಳಬೇಕೆನ್ನುವವರು ದಯವಿಟ್ಟು ಈ ಚಾನೆಲ್‌ಗೆ ಚಂದಾದಾರರಾಗಿ, ಹಾರಾಟ ಕಲಿಯುತ್ತಿರುವ ನಿಮ್ಮ ಸ್ನೇಹಿತರಿಗೂ ಕಳುಹಿಸಿ. ಪರವಾನಗಿಯ ಬಗ್ಗೆ ಮುಂದೆ ಪ್ರತ್ಯೇಕ ಸಂಚಿಕೆ ಮಾಡುತ್ತೇನೆ.

ಸ್ವಂತಕ್ಕೆ ಹಾರಿಸುವ ಮಾಲೀಕನಿಗೆ ನೂರು ಗಂಟೆಯ ಈ ಕಟ್ಟಳೆ ಇಲ್ಲವಲ್ಲ, ನಮಗೇಕೆ ಎಂದು ಕೇಳುವವರಿಗೆ ಉತ್ತರ: ಹಣ ಕೊಟ್ಟು ಹತ್ತಿದವರು ನಿಮ್ಮ ಲಾಗ್‌ಬುಕ್ ತೆರೆದು ನೋಡಲಾರರು, ಅವರ ಪರವಾಗಿ ನಿಯಮ ನೋಡುತ್ತದೆ. ವಿದ್ಯಾರ್ಥಿಯನ್ನು ಕೂರಿಸಿಕೊಂಡು ಅದೇ ರನ್‌ವೇಯ ಸುತ್ತ 107ನೇ ಗಂಟೆ ಹಾರುವುದು ಯಾವ ಹ್ಯಾಂಗರ್‌ಗೆ ಹೋಗುವ ದಾರಿ? ಎಲ್ಲಿಗೆ ಹೋಗುತ್ತಿದ್ದೀರಿ? ಎಲ್ಲಿಗೂ ಅಲ್ಲ! ನೂರು ಎಂದರೆ ನೂರು. ನೂರಕ್ಕೆ ಮುಗಿಯಿತು. ಅದರಲ್ಲಿ ಚರ್ಚೆಗೆ ಏನಿದೆ?

ಪ್ರತಿಕ್ರಿಯೆ ಬರೆದ ಕೇಳುಗರೇ, ನಿಮ್ಮ 110 ಆ ಕಲಮಿನ ಯಾವ ವಾಕ್ಯದಲ್ಲಿದೆ ಎಂದು ತೋರಿಸಿ ಬರೆಯಿರಿ. ಬರೆದರೆ ಮುಂದಿನ ಸಂಚಿಕೆಯ ಆರಂಭದಲ್ಲೇ ಅದನ್ನು ಪೂರ್ತಿಯಾಗಿ ಓದುತ್ತೇನೆ.